ಮೇಷ್ಟ್ರಿಗೊಂದು ಆರಡಿ ಗಾಜಿನ ಮನೆ

ಡೈರಿ ಬರೆಯುವ ಹುಡುಗಿ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನನ್ನ ಡೈರಿಯನ್ನು ಕದ್ದು ಓದಿದವರಿಗೆ ನಿರಾಸೆಯೇ ಗತಿ. ಅದರಲ್ಲಿರುವುದು ಹೊಸ ಸಿಲಿಂಡರ್ ಹಚ್ಚಿದ ದಿನ, ನಲ್ಲಿ ನೀರು ಬಂದ ಹೊತ್ತು, ಕರೆಂಟು ಹೋಗಿದ್ದ ನಿಮಿಷಗಳು. ಒಮ್ಮೆ ಅಮ್ಮ ಕುತೂಹಲದಿಂದ ನಾಲ್ಕು ಪುಟ ತಿರುವಿ, “ಇದು ಡೈರಿ ಅಲ್ಲೇ, ಮೀಟರ್ ಓದೋರ ಪುಸ್ತಕ” ಎಂದು ಮುಚ್ಚಿಟ್ಟರು. ನನಗೇನೂ ಬೇಸರವಾಗಲಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕಣ ಎಣಿಸುವವಳು ನಾನು. ಎಣಿಸಿದ್ದು ಮಾತ್ರ ನಿಜ, ಉಳಿದದ್ದೆಲ್ಲ ಜನರ ಮಾತು ಎಂದು ನಂಬಿ ಬೆಳೆದವಳು. ಈ ನಂಬಿಕೆಯ ಸೊಕ್ಕು ಹೇಗೆ ಮುರಿಯಿತೆಂದು ಹೇಳಬೇಕಾದರೆ ಮೊದಲು ಮೇಷ್ಟ್ರ ವಿಷಯ ಹೇಳಬೇಕು.

ಮೇಷ್ಟ್ರು ಎಂದರೆ ನಮ್ಮ ಮನೆಯ ಮೀನು. ಆಸ್ಕರ್ ಜಾತಿಯದು, ಕಪ್ಪು ಮೈಮೇಲೆ ಕೆಂಡದಂಥ ಮಚ್ಚೆಗಳು. ದವಡೆ ಮುಂದೆ ಚಾಚಿಕೊಂಡು, ಮನೆಲೆಕ್ಕ ಮಾಡದೆ ಬಂದ ಹುಡುಗರನ್ನು ನೋಡುವಂತೆ ಎಲ್ಲರನ್ನೂ ನೋಡುವುದರಿಂದ ದೊಡ್ಡಪ್ಪ ಆ ಹೆಸರಿಟ್ಟರು. ಎರಡು ವರ್ಷದ ಹಿಂದೆ ತಂದಾಗ ಹೆಬ್ಬೆರಳಷ್ಟಿದ್ದರು. “ಮೂರಿಂಚಿಗಿಂತ ಬೆಳೆಯಂಗಿಲ್ರಿ, ಗ್ಯಾರಂಟಿ” ಎಂದಿದ್ದ ಅಂಗಡಿಯವನು. ಈಗ ಒಂದಡಿ ಇದ್ದಾರೆ. ಎರಡೂವರೆ ಅಡಿಯ ತೊಟ್ಟಿಯಲ್ಲಿ ತಿರುಗಬೇಕಾದರೆ ಬಾಲ ಒಂದು ಗಾಜಿಗೂ ಮೂತಿ ಇನ್ನೊಂದು ಗಾಜಿಗೂ ತಾಗುತ್ತದೆ. ಅಂಗಡಿ ಈಗ ಮೊಬೈಲ್ ಕವರಿನ ಅಂಗಡಿಯಾಗಿದೆ. ಗ್ಯಾರಂಟಿಗಳ ಆಯುಷ್ಯ ಮೀನಿನ ಆಯುಷ್ಯಕ್ಕಿಂತ ಕಡಿಮೆ ಎಂಬುದು ನನ್ನ ಡೈರಿಯ ಮೊದಲ ಸಂಶೋಧನೆ.

ಹೀಗಿರುವಾಗ ಒಂದು ಬುಧವಾರ ಮೇಷ್ಟ್ರ ಹಣೆಯ ಮೇಲೆ ಸೂಜಿಮೊನೆಯಷ್ಟು ಗುಂಡಿ ಕಂಡಿತು. ಭಾನುವಾರದ ಹೊತ್ತಿಗೆ ಎರಡಾಯಿತು. ನಾನು ಹಾಕುವ ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳತೊಡಗಿದರು. ಹೊಲಸು ನೀರಿನಲ್ಲಿರುವ ಮೀನಿಗೆ ಬರುವ ರೋಗವಿದು. ದೊಡ್ಡ ತೊಟ್ಟಿ, ಒಳ್ಳೆಯ ಫಿಲ್ಟರ್ ಬೇಗ ಸಿಗದಿದ್ದರೆ ಗುಂಡಿಗಳು ಬೆಳೆದು ಜೀವ ಹೋಗುತ್ತದೆ ಎಂದು ತಿಳಿಯಿತು. ಡೈರಿಯಲ್ಲಿ ಹೊಸ ಪುಟ ತೆರೆದು ‘ಮೊದಲ ದಿನ’ ಎಂದು ಬರೆದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ, ಅದನ್ನು ಕೂರಿಸಲು ಒಬ್ಬ ಪರಿಣತ. ಇಷ್ಟೇ ಬೇಕಾಗಿದ್ದದ್ದು.

ಮತ್ಸ್ಯಾವತಾರದ ಕಥೆ ನಿಮಗೆ ಗೊತ್ತು. ಬೊಗಸೆ ನೀರಿನಲ್ಲಿ ಬಂದ ಮರಿಮೀನನ್ನು ಮನು ಮೊದಲು ಗಡಿಗೆಯಲ್ಲಿಟ್ಟ, ಗಡಿಗೆ ಸಾಲದಾಯಿತು. ಕೊಳಕ್ಕೆ ಬಿಟ್ಟ, ಸಾಲದಾಯಿತು. ನದಿಗೆ, ಕಡೆಗೆ ಸಮುದ್ರಕ್ಕೆ. ಚಿಕ್ಕಂದಿನಲ್ಲಿ ಇದನ್ನು ಕೇಳಿ ಮನುವಿನ ತಾಳ್ಮೆಗೆ ಬೆರಗಾಗಿದ್ದೆ. ಈಗ ಅಷ್ಟೇನೂ ಇಲ್ಲ. ಗಡಿಗೆಯಿಂದ ಕೊಳಕ್ಕೆ ಹೋಗುವ ನಡುವೆ ಆ ಮಹಾನುಭಾವ ಯಾರಿಂದಲೂ ಕೊಟೇಶನ್ ತರಿಸಬೇಕಾಗಿರಲಿಲ್ಲ. ಸಮುದ್ರವನ್ನು ಈಶಾನ್ಯಕ್ಕೆ ಸರಿಸಿ ಎಂದು ಅವನಿಗೆ ಯಾರೂ ಹೇಳಲಿಲ್ಲ.

ನನಗೆ ಹೇಳಿದರು. ಸರಸ್ವತಿ ನಗರದ ನಮ್ಮ ಮನೆಯ ಹಾಲಿಗೆ ಹದಿನೇಳು ದಿನಗಳಲ್ಲಿ ಏಳು ಮಂದಿ ಪರಿಣತರು ಬಂದು ಹೋದರು. ಅವರಿಗಾಗಿ ಹದಿನಾಲ್ಕು ಅಂಕಣಗಳ ಪಟ್ಟಿ ಮಾಡಿದ್ದೆ: ಗಾಜಿನ ದಪ್ಪ, ಸ್ಟ್ಯಾಂಡಿನ ಕಬ್ಬಿಣ, ಪಂಪಿನ ಶಕ್ತಿ, ಹೇಳಿದ ಹೊತ್ತಿಗೂ ಬಂದ ಹೊತ್ತಿಗೂ ಇರುವ ಅಂತರ, ಹೀಗೆ. ಮೊದಲನೆಯವನು ಬಂದವನೇ ದಿಕ್ಸೂಚಿ ತೆಗೆದು ನೆಲದ ಮೇಲಿಟ್ಟು, ನೀರು ಈಶಾನ್ಯದಲ್ಲೇ ಇರಬೇಕೆಂದ. ನಮ್ಮ ಮನೆಯ ಈಶಾನ್ಯದಲ್ಲಿ ಮುಂಬಾಗಿಲಿದೆ. “ಬಾಗಿಲು ಸರಿಸೋಣ ಬಿಡ್ರಿ, ನಮ್ಮ ಕಡೆ ಹುಡುಗ್ರು ಅದಾರ” ಎಂದ. ಮೀನಿಗಾಗಿ ಮನೆ ಒಡೆಯಲು ಅವನ ಕಡೆ ಹುಡುಗರಿದ್ದರು, ಮೀನು ಸಾಕಲು ಯಾರೂ ಇರಲಿಲ್ಲ. ಎರಡನೆಯವನು ಒಳಾಂಗಣ ವಿನ್ಯಾಸಕ. ಸೋಫಾದ ಬಣ್ಣವನ್ನು ಹತ್ತು ನಿಮಿಷ ದಿಟ್ಟಿಸಿ, ಅದಕ್ಕೆ ಹೊಂದುವ ಮೀನು ತರಿಸಿ ಎಂದು ಸಲಹೆ ಕೊಟ್ಟ. ಬಾಯಿ ತೆರೆದು ಗುಳ್ಳೆ ಬಿಡುವ ಪ್ಲಾಸ್ಟಿಕ್ ಬುರುಡೆಯನ್ನು ಚೀಲದಿಂದ ತೆಗೆದು ಟೀಪಾಯಿಯ ಮೇಲಿಟ್ಟ. ಅದರ ಮುಖದಲ್ಲಿ ಅವನಿಗಿಂತ ಹೆಚ್ಚು ತಿಳಿವಳಿಕೆ ಇದ್ದಂತೆ ನನಗೆ ಕಂಡಿತು.

ಮೂರನೆಯವನು ಫಿಲ್ಟರೇ ಬೇಡ ಎನ್ನುವ ಪಂಥದವನು. “ನಮ್ಮಜ್ಜನ ಬಾವಿಗೆ ಯಾವ ಫಿಲ್ಟರ್ ಇತ್ರಿ?” ಎಂದು ಕೇಳಿದ. ನಾಲ್ಕನೆಯವನು ಹೀಟರ್ ಇಲ್ಲದೆ ಕೆಲಸ ಹಿಡಿಯುವುದಿಲ್ಲವೆಂದ. ದಾವಣಗೆರೆಯಲ್ಲಿ, ಏಪ್ರಿಲಿನಲ್ಲಿ! ಫ್ಯಾನಿನ ಕೆಳಗೆ ಕೂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನೀರು ಬಿಸಿ ಮಾಡುವ ಯಂತ್ರದ ಗುಣಗಾನ ಮಾಡಿದ. ಐದನೆಯವನು ಬರಲೇ ಇಲ್ಲವೆನ್ನಬಹುದು. ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದುಕೊಂಡು ಹೋದ. ಆಮೇಲೆ ಮೂವತ್ತೊಂದು ವಿಡಿಯೋ ಕಳಿಸಿದ. ಎಲ್ಲವೂ ದುಬೈಯವು.

ಆರನೆಯವನ ಮೇಲೆ ಸ್ವಲ್ಪ ಭರವಸೆ ಇತ್ತು. ಮಾಯಕೊಂಡದಲ್ಲಿ ತಾನು ಕೂರಿಸಿದ ಎಂಟಡಿ ತೊಟ್ಟಿ ಹತ್ತು ವರ್ಷದಿಂದ ಒಂದು ಹನಿ ಸೋರಿಲ್ಲ ಎಂದು ಎದೆ ತಟ್ಟಿ ಹೇಳಿದ್ದ. ವಿಳಾಸ ಕೇಳಿಕೊಂಡು ಹೋಗಿ ನೋಡಿದೆ. ಮಾತು ನಿಜ, ಸೋರಿರಲಿಲ್ಲ. ಒಳಗೆ ಬಿತ್ತನೆಯ ಮೆಕ್ಕೆಜೋಳ ತುಂಬಿಟ್ಟಿದ್ದರು. ಆ ಮನೆಯ ಅಜ್ಜಿ, “ಭಾಳ ಚಲೋ ಐತವ್ವ, ಇಲಿ ಹತ್ತಂಗಿಲ್ಲ” ಎಂದು ಗಾಜನ್ನು ಪ್ರೀತಿಯಿಂದ ತಟ್ಟಿದರು.

ಏಳನೆಯವನು ಒಬ್ಬನೇ ನೀರಿನ ಬಗ್ಗೆ ಮಾತಾಡಿದ್ದು. ಅದಕ್ಕೆ ಕಾರಣ ನನ್ನ ಡೈರಿಯೇ. ಮೇಷ್ಟ್ರ ತೊಟ್ಟಿಯ ನೀರಿನ ಮೇಲೆ ದಿನಾ ಬೆಳಿಗ್ಗೆ ಎಣ್ಣೆಯಂಥ ತೆಳು ಪದರ ಕಟ್ಟುತ್ತಿತ್ತು. ಪೇಪರ್ ಹಾಸಿ ಎತ್ತಿ ತೆಗೆದರೆ ಮರುದಿನ ಮತ್ತೆ ಹಾಜರು. ಮಂಗಳವಾರದ ಬೆಳಿಗ್ಗೆ ಮಾತ್ರ ನೀರು ಶುಭ್ರ. ಫಿಲ್ಟರಿನ ಸ್ಪಂಜಿನಲ್ಲಿ ಬಿಳಿ ಲೋಳೆ. ಎಲ್ಲವನ್ನೂ ಗುರುತು ಹಾಕಿ ‘ಲೋಳೆ: ಬ್ಯಾಕ್ಟೀರಿಯಾ, ಸೋಮವಾರ ವೋಲ್ಟೇಜ್ ಚೆನ್ನಾಗಿದ್ದು ಪಂಪು ಜೋರಾಗಿ ಓಡುವುದರಿಂದ ಮಂಗಳವಾರ ಪದರವಿಲ್ಲ’ ಎಂದು ವೈಜ್ಞಾನಿಕ ಟಿಪ್ಪಣಿ ಬರೆದಿದ್ದೆ. ಏಳನೆಯವನು ಅದನ್ನು ಓದಿ, “ಕರೆಕ್ಟ್ ಹಿಡಿದೀರಿ ಮೇಡಂ” ಎಂದು ತಲೆದೂಗಿ, ಪದರ ಎತ್ತುವ ಒಂದು ಯಂತ್ರ, ಲೋಳೆ ಕೊಲ್ಲುವ ಒಂದು ದೀಪ, ವೋಲ್ಟೇಜ್ ಸರಿಪಡಿಸುವ ಒಂದು ಪೆಟ್ಟಿಗೆ ಬರೆದುಕೊಟ್ಟ. ಹೊಗಳಿಕೆಗೆ ಸೋತು ಅವನಿಗೆ ಅತಿ ಹೆಚ್ಚು ಅಂಕ ಕೊಟ್ಟೆ. ಏಳೂ ಮಂದಿ ಸೇರಿ “ಟೆನ್ಶನ್ ತಗೋಬ್ಯಾಡ್ರಿ” ಎಂದದ್ದು ನಲವತ್ತಾರು ಸಲ. ಅಷ್ಟರಲ್ಲಿ ಮೇಷ್ಟ್ರ ಹಣೆಯ ಗುಂಡಿಗಳು ಐದಾಗಿದ್ದವು.

ಈ ಎಲ್ಲ ಮೆರವಣಿಗೆಗೆ ಖಾಯಂ ಪ್ರೇಕ್ಷಕರೆಂದರೆ ದೊಡ್ಡಪ್ಪ. ಮಿಲ್ಲಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಸಂಜೆಗಳು ಮೇಷ್ಟ್ರ ಎದುರಿನ ಬೆತ್ತದ ಕುರ್ಚಿಯಲ್ಲೇ. ಹಣೆಗೆ ವಿಭೂತಿ, ಮಡಿಲಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ. ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ತಟ್ಟೆ ತೊಳೆದಿಟ್ಟಿರುತ್ತಿದ್ದರು. ಹದಿನೆಂಟನೆಯ ದಿನ ಅವರೇ, “ಹರಿಹರದಾಗ ಹಾಲಪ್ಪ ಅಂತ ಅದಾನ. ಪಂಪ್‌ಸೆಟ್ ಮೋಟರ್ ಸುತ್ತಾನ, ಗಾಜಿನ ತೊಟ್ಟಿನೂ ಕಟ್ಟತಾನ. ಒಮ್ಮೆ ಕರೆಸವ್ವ” ಎಂದರು. ಮೋಟಾರು ಸುತ್ತುವವನು ಎಂದಾಗ ನನ್ನ ಹುಬ್ಬು ಏರಿದ್ದನ್ನು ಒಪ್ಪಿಕೊಳ್ಳುತ್ತೇನೆ. ಏಳು ಮಂದಿಯನ್ನು ಹೀಯಾಳಿಸಿದ ಮೇಲೆ ಎಂಟನೆಯವನನ್ನು ನೋಡುವ ಮೊದಲೇ ಹೀಯಾಳಿಸುವಷ್ಟು ಅಭ್ಯಾಸವಾಗಿತ್ತು.

ಹಾಲಪ್ಪ ಹೇಳಿದ ಹೊತ್ತಿಗೆ ಬಸ್ಸಿಳಿದು ಬಂದ. ಅರವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಮಾಸದ ಗ್ರೀಸು. ನಾನು ಹದಿನಾಲ್ಕು ಅಂಕಣಗಳ ಪಟ್ಟಿಯನ್ನು ಮುಂದೆ ಹಿಡಿದೆ. ಅವನು ಅದನ್ನು ಮರ್ಯಾದೆಯಿಂದ ತೆಗೆದುಕೊಂಡು ಸೋಫಾದ ಮೇಲಿಟ್ಟ.

“ಅದಿರಲಿ ಮೇಡಂ. ಮೀನು ಎಲ್ಲೈತ್ರಿ? ಮೊದ್ಲು ಅದನ್ನ ತೋರಿಸ್ರಿ.”

ನನಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ಏಳು ಮಂದಿಯಲ್ಲಿ ಒಬ್ಬನೂ ಮೇಷ್ಟ್ರನ್ನು ನೋಡಿರಲಿಲ್ಲ. ಗೋಡೆ ನೋಡಿದ್ದರು, ಸೋಫಾ ನೋಡಿದ್ದರು, ಆಕಾಶದ ದಿಕ್ಕು ನೋಡಿದ್ದರು. ಈ ಅಪರಾಧಕ್ಕೆ ಎಲ್ಲರಿಗೂ ಸೊನ್ನೆ ಕೊಡೋಣವೆಂದು ಪಟ್ಟಿ ಎತ್ತಿಕೊಂಡರೆ, ಸೊನ್ನೆ ಬರೆಯಲು ಜಾಗವಿಲ್ಲ. ನನ್ನ ಹದಿನಾಲ್ಕು ಅಂಕಣಗಳಲ್ಲಿ ‘ಮೀನು’ ಎಂಬ ಅಂಕಣವೇ ಇರಲಿಲ್ಲ.

ಹಾಲಪ್ಪ ಕುಕ್ಕುರುಗಾಲಲ್ಲಿ ಕೂತು ಮೇಷ್ಟ್ರನ್ನು ನೋಡಿದ. ಮೇಷ್ಟ್ರೂ ಅವನನ್ನು ನೋಡಿದರು. ಆಮೇಲೆ ಅವನು ಅಂಗಿಯ ತೋಳು ಮಡಚಿ, ನೀರಿಗೆ ಕೈಯಿಳಿಸಿ, ಫಿಲ್ಟರಿನ ಸ್ಪಂಜು ತೆಗೆದು ಅಂಗೈಯಲ್ಲಿ ಹಿಂಡಿದ. ನನ್ನ ಬ್ಯಾಕ್ಟೀರಿಯಾ ಹೊರಬಂತು. ಅದನ್ನು ಬೆರಳಿನಿಂದ ಕೆದಕಿ, ಕಪ್ಪಗೆ ಗುಂಡಗಿನ ಏನನ್ನೋ ಹೆಕ್ಕಿ ನನ್ನ ಕಣ್ಣ ಮುಂದೆ ಹಿಡಿದ. ಸಾಸಿವೆ ಕಾಳು. ಪಕ್ಕದಲ್ಲೇ ಶೇಂಗಾದ ಸಿಪ್ಪೆ.

“ನಿಮ್ಮ ಮೀನಿಗೆ ಒಗ್ಗರಣೆ ಹಾಕೋರು ಯಾರ್ರಿ?”

ಬೆತ್ತದ ಕುರ್ಚಿ ಕಿರುಗುಟ್ಟಿತು. ಅಮ್ಮ ಅಡುಗೆಮನೆಯ ಬಾಗಿಲಿನಿಂದ ತಟ್ಟನೆ ಒಳಗೆ ಸರಿದರು. ಅಂದರೆ ಅವರಿಗೆ ಗೊತ್ತಿತ್ತು.

“ದೊಡ್ಡಪ್ಪಾ, ನೀವೇನ್ರಿ?”

“ದಿನಾ ಒಂದ್ ಹಿಡಿ. ಜಾಸ್ತಿ ಇಲ್ಲವ್ವ” ಎಂದರು ದೊಡ್ಡಪ್ಪ. ಒಪ್ಪಿಕೊಂಡ ಮೇಲೆ ಅವರ ದನಿ ಏರಿತು. “ಮತ್ತೇನ್ ಮಾಡ್ಲಿ? ನೀ ಹಾಕೋ ಕಾಳಿನ ಡಬ್ಬಿ ಮ್ಯಾಲೆ ಓದೀನಿ. ಒಣಮೀನಿನ ಪುಡಿ ಐತಂತ ಅದರಾಗ! ಮೀನಿಗೆ ಮೀನೇ ತಿನ್ನಸ್ತೀಯಲ್ಲ, ಇದು ಲಿಂಗಪೂಜೆ ಆಗೋ ಮನಿ. ಅದೂ ಈ ಮನೀ ಜೀವಾನ ಅಲ್ಲೇನು? ಹರಿಹರದಾಗ ಹೊಳೀ ಮೆಟ್ಟಿಲ ಮ್ಯಾಲೆ ನಿಂತು ಎಲ್ಲಾರೂ ಮಂಡಕ್ಕಿನ ಹಾಕ್ತಾರ. ಯಾ ಮೀನು ಸತ್ತೈತಿ?”

“ಯಜಮಾನ್ರ, ಹೊಳೀಗೆ ಹೊಳೀನ ಫಿಲ್ಟರ್ರು. ಇದು ಎರಡೂವರೆ ಅಡಿ. ಅದರಾಗ ಎಣ್ಣಿ, ಖಾರ, ಅರಿಶಿಣ ಬ್ಯಾರೆ. ಹಣೀ ನೋಡ್ರಿ, ಹೆಂಗ್ ತೂತು ಬಿದ್ದೈತಿ” ಎಂದ ಹಾಲಪ್ಪ, ಬೈಯದೆ, ಪಂಪಿನ ದೋಷ ತೋರಿಸುವಷ್ಟು ಸಮಾಧಾನದಿಂದ.

ದೊಡ್ಡಪ್ಪ ಕುರ್ಚಿಯಿಂದೆದ್ದು, ಕನ್ನಡಕ ಸರಿಮಾಡಿಕೊಂಡು, ಮೇಷ್ಟ್ರ ಹಣೆಯನ್ನು ಹತ್ತಿರದಿಂದ ನೋಡಿದರು. ಆ ಸಂಜೆ ಮಂಡಕ್ಕಿ ತಟ್ಟೆ ಮುಟ್ಟಲಿಲ್ಲ.

ನಾನು ಮಾತ್ರ ಡೈರಿ ತೆಗೆದು ಕೂತೆ. ಎರಡು ವರ್ಷದ ಪುಟಗಳಲ್ಲಿ ‘ಆಹಾರ: ಎರಡು ಹೊತ್ತು, ಹತ್ತು ಹತ್ತು ಕಾಳು’ ಎಂದು ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬರೆದಿದ್ದೆ. ಒಂದು ದಿನವೂ ತಪ್ಪಿರಲಿಲ್ಲ, ವಾರಕ್ಕೊಂದು ದಿನ ಬಿಟ್ಟರೆ ನಿಜವೂ ಆಗಿರಲಿಲ್ಲ. ಮಂಗಳವಾರದ ರಹಸ್ಯವೂ ಅಲ್ಲೇ ಬಿದ್ದಿತ್ತು. ಸೋಮವಾರ ದೊಡ್ಡಪ್ಪನಿಗೆ ಒಪ್ಪತ್ತು. ಮಧ್ಯಾಹ್ನ ಒಂದೇ ಊಟ, ಸಂಜೆ ಮಂಡಕ್ಕಿಯಿಲ್ಲ. ವೋಲ್ಟೇಜ್ ಪಾಪ, ಏನೂ ಮಾಡಿರಲಿಲ್ಲ. ಊರಿನವರ ರಕ್ತದಲ್ಲಿ ಕಣ್ಣಿಗೆ ಕಾಣದ ಕಣ ಹುಡುಕುವವಳಿಗೆ ಸ್ವಂತ ಮನೆಯ ಸಾಸಿವೆ ಕಾಣಲಿಲ್ಲ. ಏಳನೆಯವನನ್ನು ಮೂರ್ಖನೆಂದು ಬರೆಯಲು ಪೆನ್ನು ಎತ್ತಿದೆ. ಅವನು ನಂಬಿದ್ದು ನನ್ನ ಟಿಪ್ಪಣಿಯನ್ನು ಎಂಬುದು ನೆನಪಾಗಿ ಪೆನ್ನಿಗೆ ಮುಚ್ಚಳ ಹಾಕಿದೆ.

ಹಾಲಪ್ಪ ಏಳು ಮಂದಿ ಬರೆದುಕೊಟ್ಟಿದ್ದ ಸಲಕರಣೆಗಳಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದ. ಹೀಟರ್ ಬೇಡ, ದೀಪ ಬೇಡ, ಪದರ ಎತ್ತುವ ಯಂತ್ರ ಬೇಡ. ತೊಟ್ಟಿಯ ಕೆಳಗೊಂದು ಸೋಸುವ ತೊಟ್ಟಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಸಣ್ಣ ಪಂಪು, ಕರೆಂಟು ಹೋದಾಗ ಗಾಳಿಗೆ ಬ್ಯಾಟರಿಯ ಪಂಪು. ಹೊಸದಾಗಿ ಸೇರಿಸಿದ್ದು ಒಂದೇ: ಮೂಲೆಯಲ್ಲೂ ಸಂದಿಲ್ಲದ ಗಟ್ಟಿ ಮುಚ್ಚಳ. ಕಬ್ಬಿಣದ ಸ್ಟ್ಯಾಂಡನ್ನು ಆನೆಕೊಂಡದಲ್ಲಿ ಬೆಸುಗೆ ಹಾಕಿಸಿದೆವು. ಗಾಜು ಅಂಟಿಸಿದ ಮೇಲೆ ಹರಿಹರದ ತನ್ನ ಶೆಡ್ಡಿನಲ್ಲಿ ತೊಟ್ಟಿಗೆ ನೀರು ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿ, ಮೂರು ದಿನ ಬಿಟ್ಟು ನಮ್ಮನ್ನು ಕರೆದ. “ಪೇಪರ್ ಮುಟ್ಟಿ ನೋಡ್ರಿ” ಎಂದ. ಒಣಗಿತ್ತು. ಗ್ಯಾರಂಟಿ ಎಂಬ ಪದ ಅವನ ಬಾಯಿಂದ ಬರಲಿಲ್ಲ. “ಟೆನ್ಶನ್ ತಗೋಬ್ಯಾಡ್ರಿ” ಎಂಬುದೂ ಬರಲಿಲ್ಲ. ವಾಪಸು ಬರುವಾಗ ದೊಡ್ಡಪ್ಪ ಹೊಳೆಗೆ ಹೋಗಿ, ಮೆಟ್ಟಿಲ ಮೇಲೆ ನಿಂತು, ತಾವು ಮೇಷ್ಟ್ರಿಗೆ ಕೊಡಲಾಗದ ಒಂದು ಹಿಡಿಯನ್ನು ತುಂಗಭದ್ರೆಗೆ ಹಾಕಿ ಬಂದರು.

ಮೂವತ್ತೊಂಬತ್ತನೆಯ ದಿನ ಮೇಷ್ಟ್ರು ಆರಡಿ ಮನೆಗೆ ಕಾಲಿಟ್ಟರು. ಕಾಲಿಲ್ಲದಿದ್ದರೂ ಹಾಗೇ ಬರೆಯಬೇಕೆನಿಸುತ್ತದೆ. ಒಂದು ಗೋಡೆಯಿಂದ ಹೊರಟು ಇನ್ನೊಂದಕ್ಕೆ ತಲುಪಿ, ಮೈ ಎಲ್ಲಿಗೂ ತಾಗದೆ ತಿರುಗಿ, ನಂಬಿಕೆ ಬಾರದವರಂತೆ ಮತ್ತೊಮ್ಮೆ ತಿರುಗಿದರು. ಹೊರಡುವ ಮುನ್ನ ಹಾಲಪ್ಪ ಕಾಳಿನ ಡಬ್ಬಿಯನ್ನು ನನ್ನ ಕೈಗೆ ಕೊಡದೆ ದೊಡ್ಡಪ್ಪನ ಕೈಗೆ ಕೊಟ್ಟ. “ನೀವೇ ಹಾಕ್ರಿ ಯಜಮಾನ್ರ. ಹತ್ತು ಕಾಳು. ಮತ್ತ, ವಾರಕ್ಕೊಂದಿನ ಏನೂ ಹಾಕಬ್ಯಾಡ್ರಿ. ಉಪಾಸ ಇದ್ರ ಹೊಟ್ಟಿ ಹಗುರ ಆಗತೈತಿ ಮೀನಿಗೆ.”

ದೊಡ್ಡಪ್ಪನ ಮುಖ ಮೂರು ವಾರಗಳಲ್ಲಿ ಮೊದಲ ಸಲ ಅರಳಿತು. “ಯಾ ದಿನ ಅಂತ ಕೇಳಬೇಕೇನು?” ಎಂದು ನನ್ನತ್ತ ತಿರುಗಿ ಕೇಳಿದರು.

ಈಗ ಹಣೆಯ ಐದು ಗುಂಡಿಗಳಲ್ಲಿ ಮೂರು ಮುಚ್ಚಿವೆ. ದೊಡ್ಡಪ್ಪ ದಿನಾ ಮುಖ ಅತ್ತ ತಿರುಗಿಸಿ, ಒಣಮೀನಿನ ವಾಸನೆಗೆ ಮೂಗು ಮುಚ್ಚಿ, ಹತ್ತು ಕಾಳು ಎಣಿಸಿ ಹಾಕುತ್ತಾರೆ. ಆಮೇಲೆ ಕೈ ತೊಳೆದು ವಿಭೂತಿ ಹಚ್ಚಿಕೊಳ್ಳುತ್ತಾರೆ. ಸೋಮವಾರ ಸಂಜೆ ನಾನು ಲ್ಯಾಬಿನಿಂದ ಬಂದಾಗ ಗಾಜಿನ ಈಚೆಗೊಬ್ಬರು, ಆಚೆಗೊಬ್ಬರು, ಒಂದೇ ಥರ ದವಡೆ ಚಾಚಿಕೊಂಡು, ಹಸಿದ ಮುಖದಿಂದ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಾರೆ. ನಾನು ಅಲ್ಲೇ ಎರಡು ನಿಮಿಷ ನಿಂತು ಇಬ್ಬರನ್ನೂ ನೋಡುತ್ತೇನೆ. ಆಮೇಲಷ್ಟೇ ಡೈರಿ ತೆಗೆದು, ‘ಆಹಾರ’ ಎಂಬಲ್ಲಿ ಬರೆಯುತ್ತೇನೆ: ‘ಇಬ್ಬರಿಗೂ ಇಲ್ಲ.’