ಸುಂದ್ರವ್ವನ ಇಂಗ್ಲಿಷ್ ಪೇಪರ್

ಸುಂದ್ರವ್ವ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಕಲ್ಲೋಳಿ ಕಡೆಯ ತೋಟದ ಮನೆಯಿಂದ ದಿನಾ ನಡೆದು ಬರುತ್ತಾರೆ. ವಯಸ್ಸು ನಲವತ್ತೊಂದು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಅದೊಂದು ಪಾಸಾದರೆ ಮೂಡಲಗಿಯ ಹಾಸ್ಟೆಲೊಂದರ ಅಡುಗೆ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು.

ಅತಿಥಿ ಶಿಕ್ಷಕನಾದ ನಾನು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವರಿಗೆ ಪಾಠ ಹೇಳುತ್ತಿದ್ದೆ. ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಗುರುತಿಸುವುದರಿಂದ ಶುರುಮಾಡಿದೆವು. ಅವರು ಪ್ರತಿ ವಾಕ್ಯದ ಕೊನೆಯ ಪದಕ್ಕೇ ಗೆರೆ ಎಳೆಯುತ್ತಿದ್ದರು. 'ರಾಮ ಈಟ್ಸ್ ಎ ಮ್ಯಾಂಗೋ' ಎಂದರೆ ಮ್ಯಾಂಗೋ ಕ್ರಿಯಾಪದ.

"ಮಾವಿನಹಣ್ಣ ಏನ್ ಕೆಲಸಾ ಮಾಡ್ತೈತಿ ಅಕ್ಕಾ?" ಎಂದೆ.

"ನಿಮ್ಮ ಪುಸ್ತಕದಾಗ ರಾಮ ತಿಂತಾನ, ಸೀತಾ ತಿಂತಾಳ. ಬೇಯ್ಸೋರ ಸುದ್ದಿನ ಇಲ್ಲಲ್ರಿ ಸರ್."

ಆಮೇಲೆ ಅಕ್ಕಿ ತೊಳೆಯುವ, ಬೇಳೆ ಕುದಿಸುವ ವಾಕ್ಯಗಳನ್ನು ಬರೆದುಕೊಟ್ಟೆ. ಮೂರು ತಿಂಗಳಲ್ಲಿ ಉದ್ದುದ್ದ ವಾಕ್ಯಗಳಲ್ಲೂ ತಪ್ಪಿಲ್ಲದೆ ಗುರುತಿಸತೊಡಗಿದರು. ಬರೆಯುವ ಕೈ ಮಾತ್ರ ನಿಧಾನ. ಪೇಪರ್ ಮುಗಿಸಲು ಒಂದೊಂದು ನಿಮಿಷವೂ ಬೇಕಿತ್ತು.

ಪರೀಕ್ಷಾ ಕೇಂದ್ರ ನಮ್ಮ ಶಾಲೆಯೇ ಆಯಿತು. ಓಡಾಟ ತಪ್ಪಿತೆಂದು ಇಬ್ಬರೂ ಖುಷಿಪಟ್ಟೆವು. ಆ ಬೆಳಿಗ್ಗೆ ನಾನು ಬೆಂಚುಗಳಿಗೆ ನಂಬರ್ ಅಂಟಿಸುತ್ತಿದ್ದೆ. ಚಹಾ ಬಂತು, ಕುಡಿದೆ. ಯಾರು ಮಾಡಿದ್ದೆಂದು ಯೋಚಿಸಲಿಲ್ಲ. ಹಾಲ್ ಟಿಕೆಟ್ ಹಿಡಿದು ಬಂದ ಸುಂದ್ರವ್ವನನ್ನು ಮುಖ್ಯಗುರುಗಳು ಗೇಟಿನಲ್ಲೇ ನಿಲ್ಲಿಸಿ, "ಬಂದ್ರೇನ, ಚಲೋ ಆತು. ಪರೀಕ್ಷಾ ಡ್ಯೂಟಿಗೆ ಹದಿನೆಂಟ ಮಂದಿ ಅದಾರ, ಒಂದೀಟ ಚಾ ಇಟ್ಟ ಹೋಗ್ರಿ" ಎಂದಿದ್ದರು. ನಡುವೆ ಗ್ಯಾಸ್ ಮುಗಿದು, ಕಟ್ಟಿಗೆ ಒಲೆ ಹೊತ್ತಿಸಬೇಕಾಯಿತು. ಚಹಾ ಕೊಟ್ಟು, ಕಪ್ಪು ತೊಳೆದಿಟ್ಟು ಅವರು ಕೊಠಡಿ ಸೇರುವಾಗ ಪರೀಕ್ಷೆ ಶುರುವಾಗಿ ಇಪ್ಪತ್ತೈದು ನಿಮಿಷವಾಗಿತ್ತು.

ಮೂರು ಅಂಕದಲ್ಲಿ ಹೋಯಿತು. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದೆವು. ವ್ಯಾಕರಣವೆಲ್ಲ ಸರಿ. ಕೊನೆಯ ಪತ್ರಲೇಖನ 'ಡಿಯರ್ ಫಾದರ್'ಗೇ ನಿಂತಿತ್ತು.

"ಆಗೂದಿಲ್ಲ ಅನ್ನಬೇಕಿತ್ತಲ್ಲ ಅಕ್ಕಾ," ಎಂದೆ ಸಿಟ್ಟಿನಿಂದ.

"ಆ ಚಾ ನೀವೂ ಕುಡದ್ರಲ್ಲ. ಇವತ್ತ ಆಕಿದೂ ಪರೀಕ್ಷಾ ಐತಿ ಅಂತ ಹದಿನೆಂಟ ಮಂದ್ಯಾಗ ಒಬ್ಬರರ ಅಂದ್ರೇನ್ರಿ?"

ನಾನು ನಕಲನ್ನು ಮಡಚಿ ಅವರ ಕೈಗೆ ಕೊಟ್ಟೆ.

ಮತ್ತೆ ಪರೀಕ್ಷೆಗೆ ಕಟ್ಟುವಾಗ ಅವರು ಗೋಕಾಕದ ಕೇಂದ್ರ ಬೇಕೆಂದು ಬರೆದುಕೊಟ್ಟರು. ಎರಡು ಬಸ್ಸು ಹತ್ತಿಳಿಯಬೇಕು.

"ಇಲ್ಲೇ ಸೆಂಟರ್ ಇದ್ದಾಗ ಅಷ್ಟ ದೂರ ಯಾಕ್ರಿ?" ಎಂದರು ಮುಖ್ಯಗುರುಗಳು, ಅರ್ಜಿಗೆ ಸಹಿ ಹಾಕುತ್ತ.

"ಅಲ್ಲಿ ನನ್ನ ಗುರ್ತ ಯಾರಿಗೂ ಇಲ್ರಿ ಸರ್," ಎಂದರು ಸುಂದ್ರವ್ವ.