ತಾಂಡೇಲ ಗಣಪನ ಹಗ್ಗ

ಕಾಪುವಿನ ಗಣಪ ಮೆಂಡನ್ ಮಲ್ಪೆ ಬಂದರಿನಲ್ಲಿ ಹೆಸರು ಮಾಡಿದ್ದು ಹಿಡಿದ ಮೀನಿನಿಂದಲ್ಲ, ಬಿಟ್ಟ ಮೀನಿನಿಂದ. ಅವನು ತಾಂಡೇಲ. ಬೋಟಿನ ಚುಕ್ಕಾಣಿ ಹಿಡಿದು, ಬಲೆ ಎಳೆಯುವ ಏಳೆಂಟು ಕಲಾಸಿಗಳನ್ನು ಕಡಲಿಗೆ ಕರೆದುಕೊಂಡು ಹೋಗಿ ಜೀವಸಹಿತ ವಾಪಸ್ ತರುವುದು ಅವನ ಕೆಲಸ. ಬೋಟು ಸಾಹುಕಾರರದು. ಎಲ್ಲೋ ಒಂದು ಬೋಟು ಎಂಜಿನ್ ಕೆಟ್ಟು ನಿಂತಿದೆ ಎಂದು ವಯರ್‌ಲೆಸ್ಸಿನಲ್ಲಿ ಕೇಳಿದರೆ ಸಾಕು, ಈ ಪುಣ್ಯಾತ್ಮ ಅರ್ಧ ತುಂಬಿದ ಬಲೆಯನ್ನು ಎಳೆದು ಮೇಲೆ ಹಾಕಿ ಅತ್ತ ಹೊರಟುಬಿಡುತ್ತಿದ್ದ. ಬೋಟು ಕಟ್ಟುವ ದಕ್ಕೆಯಲ್ಲಿ ನಿಂತು ಸಾಹುಕಾರರು ಬಾಯಿಗೆ ಬಂದಂತೆ ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಮುಂದಿನ ಸಲ ಮತ್ತೆ ಅದನ್ನೇ ಮಾಡುತ್ತಿದ್ದ.

ನಾನು ಅಲೋಶಿಯಸ್, ಡೀಸೆಲ್ ಎಂಜಿನ್ ಮೆಕ್ಯಾನಿಕ್. ಅವನು ಎಳೆದು ತಂದ ಬೋಟುಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆದವನು. ಹಾಗಾಗಿ ಅವನ ಪುಣ್ಯದಲ್ಲಿ ನನಗೂ ಒಂದು ಪಾಲು ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಅವನ ಬೋಟಿನ ಹಿಂಬದಿಯಲ್ಲಿ ದಪ್ಪ ಹಗ್ಗವೊಂದು ಯಾವಾಗಲೂ ಸುರುಳಿ ಸುತ್ತಿ ಇರುತ್ತಿತ್ತು. ಕೆಟ್ಟ ಬೋಟಿಗೆ ಎಸೆಯುವುದಕ್ಕೆ ಮಾತ್ರ ಆ ಹಗ್ಗ. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿಲ್ಲ. ಒಮ್ಮೆ ಕಲಾಸಿಯೊಬ್ಬ ಅದರ ತುದಿಯನ್ನು ಬಿಚ್ಚಿ ಬಟ್ಟೆ ಒಣಗಿಸಿದ್ದಕ್ಕೆ ಗಣಪ ಅವನ ಏಳು ತಲೆಮಾರನ್ನೂ ಜಾಲಾಡಿದ್ದು ದಕ್ಕೆಗೆಲ್ಲ ಕೇಳಿಸಿತ್ತು. ಹೆಂಡತಿಯನ್ನು ಕೂಡ ನೀನು ಇಷ್ಟು ಜೋಪಾನ ಮಾಡಿದ್ದು ನಾನು ನೋಡಿಲ್ಲ ಎಂದು ಕೆಣಕುತ್ತಿದ್ದೆ. ಅವನ ಹೆಂಡತಿ ಅಕ್ಕು, ಬುಟ್ಟಿ ಹೊತ್ತು ಮಣಿಪಾಲದ ಮನೆಮನೆಗೆ ಮೀನು ಮಾರುವವಳು, ಆ ಮಾತು ಸತ್ಯ ಎಂದು ನಗುತ್ತಿದ್ದಳು.

ಹಗ್ಗದ ಮೇಲಿನ ಈ ಪ್ರೀತಿಗೆ ಕಾರಣವಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಗಣಪ ಇದ್ದ ಬೋಟು ಮುಂಬಯಿಯ ಆಚೆ ಎಂಜಿನ್ ಕೆಟ್ಟು ದಿಕ್ಕು ತಪ್ಪಿತ್ತು. ನೀರು ಮುಗಿದು ನಾಲಿಗೆ ದಪ್ಪವಾಗಿ ಮಾತು ನಿಂತ ಮೇಲೆ ಗುಜರಾತಿನ ಬೋಟೊಂದು ಬಂತು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಯಾರು ಏನು ಎಂದು ಕೇಳದೆ ಹಗ್ಗ ಎಸೆದರು, ದಪ್ಪ ರೊಟ್ಟಿ ಕೊಟ್ಟರು, ದಡ ಮುಟ್ಟಿಸಿ ಹೊರಟುಹೋದರು. ಅವರ ಹೆಸರು ಕೇಳಲಿಲ್ಲವಲ್ಲ ಎಂಬ ಕೊರಗು ಗಣಪನಿಗೆ ಈಗಲೂ ಇದೆ. ಹೆಸರು ಗೊತ್ತಿಲ್ಲದವರ ಋಣವನ್ನು ಹೆಸರು ಗೊತ್ತಿಲ್ಲದವರಿಗೇ ತೀರಿಸುತ್ತಿದ್ದ.

ಎರಡು ಸಾವಿರದ ಎಂಟರ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ಆ ಭಯೋತ್ಪಾದಕ ದಾಳಿ ನಡೆಯಿತು. ಕೊಂದವರು ಕಡಲಿನಿಂದ ಬಂದಿದ್ದರು, ಗುಜರಾತಿನ ಮೀನುಗಾರರ ಬೋಟೊಂದನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದು. ದಕ್ಕೆಯ ಚಾ ಅಂಗಡಿಯ ಟಿ.ವಿ. ಮುಂದೆ ಎಲ್ಲರೂ ಹೋಟೆಲಿನ ಬೆಂಕಿಯನ್ನು ನೋಡುತ್ತಿದ್ದರು. ಗಣಪ ಮಾತ್ರ ಆ ಬೋಟಿನ ವಿಷಯವನ್ನೇ ಕೇಳುತ್ತಿದ್ದ. ಅವರು ಯಾಕೆ ನಿಂತರು ಎಂಬುದು ಅವನ ಪ್ರಶ್ನೆ. "ಯಾರೋ ಕಷ್ಟದಲ್ಲಿದ್ದಾರೆ ಅಂತ ಹತ್ತಿರ ಹೋಗಿರಬೇಕು ಮಾರಾಯ," ಎಂದ. ಅದು ಅವನ ಊಹೆ, ನಿಜ ಯಾರಿಗೆ ಗೊತ್ತು. ಆದರೆ ಆ ಊಹೆ ಅವನ ಎದೆಯಲ್ಲಿ ಕೂತುಬಿಟ್ಟಿತು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಪಕ್ಷದವರು ಬಂದು ಸರ್ಕಾರ ನಿದ್ದೆ ಮಾಡಿತು ಎಂದರು, ಇನ್ನೊಂದು ಪಕ್ಷದವರು ಇದರಲ್ಲಿ ರಾಜಕೀಯ ಬೇಡ ಎಂದು ಅದನ್ನೇ ಮಾಡಿದರು. ಕಡಲಿಗೆ ಕಾಲು ಅದ್ದದ ಪೇಟೆಯ ಕೆಲವರು ಬ್ಯಾರಿ ಮುಸ್ಲಿಮರ ಬೋಟುಗಳನ್ನು ಬೇರೆಯಾಗಿ ತಪಾಸಣೆ ಮಾಡಬೇಕು ಎಂದು ಬುದ್ಧಿ ಹೇಳಿದರು. ಒಂದೇ ಗ್ಲಾಸಿನ ಚಾವನ್ನು ಹಂಚಿ ಕುಡಿದವರು ಒಬ್ಬರ ಮುಖ ಒಬ್ಬರು ನೋಡುವ ರೀತಿಯೇ ಬದಲಾಯಿತು. ಹತ್ತು ದಿನ ಕಡಲಲ್ಲಿದ್ದರೆ ಗಣಪನಿಗೂ ಗಡ್ಡ ಬರುತ್ತದೆ ಎಂಬುದನ್ನು ಯಾರಿಗೆ ಹೇಳುವುದು?

ಮಲ್ಪೆಯಲ್ಲಿ ಸಭೆ ಕರೆದರು. ಬಂದ ಕರಾವಳಿ ಕಾವಲು ಪೊಲೀಸ್ ಅಧಿಕಾರಿ ಕೆಟ್ಟವರಲ್ಲ. ಗುರುತು ಚೀಟಿ ಇಲ್ಲದೆ ಯಾರನ್ನೂ ಬೋಟಿಗೆ ಹತ್ತಿಸಬೇಡಿ, ಪರಿಚಯವಿಲ್ಲದ ಬೋಟು ಕಂಡರೆ ಹತ್ತಿರ ಹೋಗಬೇಡಿ, ಮೊದಲು ನಮಗೆ ತಿಳಿಸಿ ಎಂದರು. ಗಣಪ ಎದ್ದು ನಿಂತ. "ಅದು ಮುಳುಗುವ ಬೋಟು ಆಗಿದ್ದರೆ ಎಂತ ಮಾಡುವುದು ಸರ್?"

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗಿ ಎಂದು ನಾನು ಹೇಳಿ, ನಿಮ್ಮ ಬೋಟಿನಲ್ಲಿದ್ದವರೆಲ್ಲ ಸತ್ತರೆ, ನಿಮ್ಮ ಮನೆಯವರಿಗೆ ನಾನು ಏನು ಹೇಳಲಿ? ಕೊಂದವರು ನಿಮ್ಮ ಬೋಟಿನಲ್ಲೇ ಊರಿಗೆ ಬಂದರೆ ಊರಿಗೆ ಏನು ಹೇಳಲಿ? ಹೋಗಬೇಡಿ ಎಂದರೆ ಮುಳುಗಿದವರ ಮನೆಯವರು ಕೇಳುತ್ತಾರೆ. ಎರಡಕ್ಕೂ ನನ್ನಲ್ಲಿ ಉತ್ತರ ಇಲ್ಲ. ಒಂದನ್ನು ಆರಿಸಲೇಬೇಕು, ಆರಿಸಿದ್ದೇವೆ."

ಅವರನ್ನು ಬೈಯಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವರ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ ಎಂದು ಹೊಳೆಯದೆ ಬಾಯಿ ಮುಚ್ಚಿದ್ದೇನೆ.

ಮರುವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಣಪ ಮೀನು ತುಂಬಿಕೊಂಡು ಬರುತ್ತಿದ್ದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ತಲೆಯ ಮೇಲೆ ಇನ್ನೂ ಬಿಸಿಲಿತ್ತು. ಆಗ ಕಣ್ಣಿಗೆ ಬಿದ್ದದ್ದು ಅಲುಗಾಡದೆ ನಿಂತ ಒಂದು ಬೋಟು. ಅದಕ್ಕೆ ಹೆಸರಿಲ್ಲ, ನಂಬರಿಲ್ಲ. ವಯರ್‌ಲೆಸ್ಸಿನಲ್ಲಿ ಕರೆದರೆ ಉತ್ತರವಿಲ್ಲ. ಮೂರು ಜನ ಇದ್ದರು. ಒಬ್ಬ ಮುಂದೆ ನಿಂತು ಅಂಗಿ ಬೀಸುತ್ತಿದ್ದ. ಅವನ ಇನ್ನೊಂದು ಕೈಯಲ್ಲಿ ಏನೋ ಫಳಫಳ ಹೊಳೆಯುತ್ತಿತ್ತು.

ಗಣಪನ ಕೈ ತಾನಾಗಿಯೇ ಹಗ್ಗಕ್ಕೆ ಹೋಯಿತು. ಆ ಹೊಳೆಯುವುದು ಎಂತದು ಎಂದು ಕಲಾಸಿಗಳು ಗುಸುಗುಸು ಶುರು ಮಾಡಿದರು. ಚೂರಿ ಎಂದ ಒಬ್ಬ, ಬಂದೂಕಿನ ನಳಿಗೆ ಎಂದ ಇನ್ನೊಬ್ಬ. ಕೊಪ್ಪಳದ ಕಡೆಯಿಂದ ಬಂದು ಆರೇಳು ವರ್ಷದಿಂದ ಗಣಪನ ಜೊತೆಗಿದ್ದ ಯಮನೂರ ಬಂದು ಅವನ ತೋಳು ಹಿಡಿದ. "ಬ್ಯಾಡ್ರಿ ಅಣ್ಣಾರ. ನನ್ನ ಮಕ್ಕಳು ಇನ್ನಾ ಸಣ್ಣವ್ ಅದಾವ್ರಿ," ಎಂದ.

ಗಣಪ ಹಗ್ಗವನ್ನು ಕೆಳಗಿಟ್ಟ.

ದಡಕ್ಕೆ ತಿಳಿಸಿದ. ಹತ್ತಿರ ಹೋಗಬೇಡಿ, ವ್ಯವಸ್ಥೆ ಮಾಡುತ್ತೇವೆ ಎಂದು ಉತ್ತರ ಬಂತು. ಅಷ್ಟು ದೂರದಲ್ಲೇ ಬೋಟು ನಿಲ್ಲಿಸಿ ಕಾದ. ಅಂಗಿ ಬೀಸುವವನು ಬೀಸುತ್ತಲೇ ಇದ್ದ. ಗಾಳಿ ಎದ್ದಿತು, ತೆರೆ ಏರಿತು, ಮೀನು ತುಂಬಿದ ಗಣಪನ ಬೋಟು ವಾಲತೊಡಗಿತು. ಕೊನೆಗೆ ತನ್ನವರನ್ನು ಉಳಿಸಿಕೊಳ್ಳಲು ದಡದ ಕಡೆ ತಿರುಗಿಸಿದ. ತಿರುಗಿಸಿದ ಮೇಲೆ ಹಿಂದೆ ನೋಡಲಿಲ್ಲ ಎಂದು ಅವನೇ ನನಗೆ ಹೇಳಿದ್ದು. ಆ ಗಾಳಿಯಲ್ಲಿ ದಡದಿಂದ ಯಾರೂ ಹೊರಡಲಾಗಲಿಲ್ಲ. ಮರುದಿನ ಸಿಕ್ಕಿದ್ದು ಮಗುಚಿದ ಬೋಟು.

ಅದು ಮಾರಾಟವಾದ ಹಳೆಯ ಬೋಟು. ಹೊಸ ಬಣ್ಣ ಬಳಿಯಲೆಂದು ಹೆಸರು, ನಂಬರು ಎಲ್ಲವನ್ನೂ ಕೆರೆದು ತೆಗೆದಿದ್ದರು. ಕಾರವಾರದಿಂದ ಮಂಗಳೂರಿಗೆ ಮುಟ್ಟಿಸಲು ಮೂವರನ್ನು ಕೂಲಿಗೆ ಕಳಿಸಿದ್ದರು. ಇಬ್ಬರು ಸಿಗಲೇ ಇಲ್ಲ. ಪಡುಬಿದ್ರಿಯ ಮರಳಿಗೆ ಹೆಣವಾಗಿ ಬಂದು ಬಿದ್ದವನು ಸಿದ್ದಣ್ಣ, ಯಮನೂರನ ಊರಿನಿಂದ ಎರಡು ಊರು ಆಚೆಯವನು.

ಆ ಅಧಿಕಾರಿ ಕಾಪುವಿನ ಮನೆಗೆ ತಾವಾಗಿಯೇ ಬಂದರು. ನೀವು ಮಾಡಿದ್ದು ಸರಿ, ನಾನೇ ಹೇಳಿದ್ದು, ಎಂದರು. "ಸರಿ ಮಾಡಿದವನಿಗೆ ಊಟ ಸೇರಬೇಕಲ್ಲ ಸರ್," ಎಂದ ಗಣಪ. ಅವರು ಅಕ್ಕು ಕೊಟ್ಟ ಚಾವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ತಿಂಗಳು ಕಳೆದ ಮೇಲೆ ಸಿದ್ದಣ್ಣನ ತಾಯಿ ಲಕ್ಕವ್ವ ಬಂದಳು. ಮಗನನ್ನು ಕೊನೆಗೆ ಕಂಡವನು ಇಲ್ಲಿದ್ದಾನೆ ಎಂದು ಯಾರಿಂದಲೋ ಕೇಳಿ, ಬಸ್ಸು ಬದಲಿಸುತ್ತಾ ಅಷ್ಟು ದೂರದಿಂದ ಒಬ್ಬಳೇ. ಯಮನೂರ ಅವಳನ್ನು ಗಣಪನ ಮನೆಯ ಗೇಟಿನವರೆಗೆ ತಂದು ಬಿಟ್ಟ. ಒಳಗೆ ಬರಲು ಅವನಿಗೆ ಧೈರ್ಯ ಬರಲಿಲ್ಲ.

ಅವಳು ಬರುತ್ತಾಳೆಂದು ತಿಳಿದಾಗಲೇ ಅಕ್ಕು ಗಂಡನಿಗೆ ಗೋಗರೆದಿದ್ದಳು. ಹೋಗಲು ನೋಡಿದೆ, ಗಾಳಿ ಬಿಡಲಿಲ್ಲ ಎಂದು ಹೇಳಿಬಿಡಿ, ಪಾಪದ ಹೆಂಗಸು, ಅಷ್ಟಾದರೂ ಸಮಾಧಾನ ಇರಲಿ ಎಂದು. ನಾನೂ ಅದನ್ನೇ ಹೇಳಿದೆ. ಈ ಒಂದು ಸುಳ್ಳಿಗೆ ಯಾವ ದೇವರೂ ಕೋಪ ಮಾಡುವುದಿಲ್ಲ ಎಂದೆ. ಗಣಪ ತಲೆ ಆಡಿಸಿದ. ಹಾಗೇ ಹೇಳುತ್ತಾನೆಂದು ನಾನು ನಂಬಿದ್ದೆ.

ಲಕ್ಕವ್ವ ಚಾವಡಿಯಲ್ಲಿ ಗೋಡೆಗೆ ಒರಗಿ ಕೂತಳು. ಅಕ್ಕು ತಂದಿಟ್ಟ ನೀರು ಬೆಲ್ಲದಲ್ಲಿ ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದುಕೊಂಡಳು. ಮಗ ಊರಲ್ಲಿ ಕೆರೆಗೆ ಇಳಿಯಲೂ ಹೆದರುತ್ತಿದ್ದ ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಪೊಲೀಸರು ಕೊಟ್ಟಿದ್ದ ವಸ್ತುವೊಂದನ್ನು ಹೊರತೆಗೆದಳು. ಸಿದ್ದಣ್ಣನ ಗುರುತು ಚೀಟಿ, ಪ್ಲಾಸ್ಟಿಕ್ ಲಕೋಟೆಯಲ್ಲಿ, ಒಂದು ದಾರದೊಂದಿಗೆ. "ಕಡಲಿನ್ಯಾಗ ಹೋದಲ್ಲೆಲ್ಲಾ ಇದನ್ನ ಕೇಳ್ತಾರವ್ವಾ ಅಂತ ಫೋನಿನ್ಯಾಗ ಹೇಳಿದ್ದ. ಅದಕ್ಕ ಕೈಗೇ ಕಟ್ಕೊಂಡಿದ್ದ," ಎಂದು ಅದನ್ನು ಮೇಲೆತ್ತಿ ತೋರಿಸಿದಳು.

ಬಾಗಿಲಿನಿಂದ ಬಂದ ಬಿಸಿಲು ಲಕೋಟೆಯ ಮೇಲೆ ಬಿದ್ದು ಫಳಕ್ಕೆಂದು ಹೊಳೆಯಿತು. ನಾನು ಗಣಪನ ಮುಖ ನೋಡಿದೆ. ನೋಡಬಾರದಿತ್ತು.

"ಕಡೀಕ ನೋಡಿದಾವ್ರು ನೀವಂತ," ಎಂದಳು ಲಕ್ಕವ್ವ. "ಅಂವ ಏನರ ಕೂಗಿದ್ನೇನ್ರಿ?"

ಅಕ್ಕು ಒಳಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಗಣಪ ನೆಲ ನೋಡುತ್ತಾ ಹೇಳಿದ. "ಕೂಗಿರಬಹುದು ಅಮ್ಮ. ಕೇಳುವಷ್ಟು ಹತ್ತಿರ ನಾನು ಹೋಗಲಿಲ್ಲ. ಹಗ್ಗ ಕೈಯಲ್ಲಿ ಇತ್ತು. ಕೆಳಗೆ ಇಟ್ಟೆ. ಈ ಚೀಟಿ ಹೊಳೆಯುವುದನ್ನು ನೋಡಿ ಬಂದೂಕು ಎಂದು ಹೆದರಿದೆ."

ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಚೀಟಿಯಲ್ಲಿದ್ದ ಮಗನ ಫೋಟೋವನ್ನು ಹೆಬ್ಬೆರಳಿನಿಂದ ಒರೆಸಿದಳು. ಅದನ್ನೇ ನೋಡುತ್ತಾ ಬಹಳ ಮೆಲ್ಲಗೆ ಕೇಳಿದಳು.

"ನನ್ನ ಮಗ ನಿಮ್ಮ ಕಣ್ಣಿಗೆ ಅಂಥಾಂವ ಕಂಡನೇನ್ರಿ ಅಣ್ಣಾರ?"

"ಕಂಡ ಅಮ್ಮ," ಎಂದ ಗಣಪ.

ಲಕ್ಕವ್ವ ಬೆಲ್ಲದ ತುಂಡನ್ನು ತಟ್ಟೆಗೆ ವಾಪಸ್ ಇಟ್ಟಳು. ನೀರನ್ನೂ ಕುಡಿಯಲಿಲ್ಲ. ಸೆರಗಿಗೆ ಚೀಟಿಯನ್ನು ಕಟ್ಟಿಕೊಂಡು ಎದ್ದಳು. ನಾನು ಉಡುಪಿಯವರೆಗೆ ಹೋಗಿ ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆ. ದಾರಿಯುದ್ದಕ್ಕೂ ಅವಳು ಸೆರಗಿನ ಗಂಟನ್ನು ಹಿಡಿದೇ ಇದ್ದಳು. ಮುಂಬಯಿಗೆ ಬಂದ ಆ ಕೊಲೆಗಡುಕರಿಗೆ ಕಾಪು ಎಂಬ ಊರು ಇದೆ ಎಂದು ಗೊತ್ತಿದ್ದಿರಲಿಕ್ಕಿಲ್ಲ. ಆದರೂ ನನ್ನ ಗೆಳೆಯನನ್ನು ಹಾಳು ಮಾಡಿದ್ದು ಅವರೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅತ್ತೆ.

ಗಣಪ ಮತ್ತೆ ಕಡಲಿಗೆ ಹೋಗಲಿಲ್ಲ. ದಕ್ಕೆಗೆ ಬಂದು ಕೂತು, ಕರೆದವರ ಹರಿದ ಬಲೆ ಹೆಣೆದು ಕೊಡುತ್ತಾನೆ. ಸಾಹುಕಾರರು ಬೋಟಿಗೆ ಬೇರೆ ತಾಂಡೇಲನನ್ನು ಇಟ್ಟಿದ್ದಾರೆ. ಕಲಾಸಿಗಳು ಈಗ ಆ ಹಗ್ಗವನ್ನು ಬಿಚ್ಚಿ ಬೋಟಿನ ಉದ್ದಕ್ಕೂ ಕಟ್ಟಿ ಲುಂಗಿ, ಬನಿಯನ್ ಒಣಗಿಸುತ್ತಾರೆ. ಗಣಪನಿಗೆ ಕೂತಲ್ಲಿಂದಲೇ ಅದು ಕಾಣುತ್ತದೆ. ಅವನು ಬಲೆಯ ಮುಂದಿನ ಕಣ್ಣಿಗೆ ದಾರ ಹಾಕುತ್ತಾನೆ.