ನನ್ನ ಕೂಸಿಗೆ ಹಾಲು ಕುಡಿಸಿದ ಹುಲಿಗೆವ್ವ

ಹುಲಿಗೆವ್ವನ ಕುಪ್ಪಸದ ಗಂಟು ಗಟ್ಟಿಯಾಗಿ ಬಿಗಿದಿದ್ದನ್ನು ನಾನು ನೋಡಿದ್ದೇ ಇಲ್ಲ. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಅದರ ಎರಡೂ ತುದಿ ನೂಲು ನೂಲಾಗಿ ಹರಿದಿದ್ದವು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಓಣಿ. ತಾಯಿ ಇಲ್ಲದ ಕೂಸು, ತಾಯಿ ಇದ್ದೂ ಹಾಲಿಲ್ಲದ ಕೂಸು, ಯಾವುದು ಅತ್ತರೂ ಹೆಂಗಸರು ಎತ್ತಿಕೊಂಡು ಅವಳ ಮನೆಗೆ ಓಡುತ್ತಿದ್ದರು. ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದರೆ ಒಂದು ಕೈಯಲ್ಲಿ ಬೀಸುತ್ತಲೇ ಇನ್ನೊಂದರಲ್ಲಿ ಕೂಸನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

ಚೆಲುವೆಯೇನಲ್ಲ. ಹಲ್ಲು ಮುಂದೆ, ಕಾಲು ದಪ್ಪ, ಧ್ವನಿ ಗಂಡಸಿನದು. ಗಂಡ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವವನು. ಅವಳ ಮಗ ಓಡಾಡುವಂತಾದ ಮೇಲೂ ಹಾಲು ಬತ್ತಲಿಲ್ಲ. ಒಂದಲ್ಲ ಒಂದು ಕೂಸು ಕುಡಿಯುತ್ತಲೇ ಇದ್ದುದರಿಂದ ಬತ್ತಲಿಕ್ಕೆ ಬಿಡುವೇ ಸಿಗಲಿಲ್ಲ. ಯಾರಾದರೂ ಜೋಳವೋ ಸೀರೆಯೋ ತಂದರೆ ಮುಟ್ಟುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ.

"ಒಂದ್ ಗಡ್ಡಿ ಬಳ್ಳೊಳ್ಳಿ ಇದ್ರ ಕೊಡ್ರಿ. ಹಾಲು ಇಳೀಬೇಕಲ್ಲ."

ಹೀಗಾಗಿ ಅವಳ ಮೈಗೆ, ಮನೆಗೆ, ಅವಳ ಹತ್ತಿರ ಹೋಗಿಬಂದ ಕೂಸುಗಳಿಗೆಲ್ಲ ಬೆಳ್ಳುಳ್ಳಿಯ ವಾಸನೆ.

ನನ್ನ ಮೊದಲ ಕೂಸು ಗಂಗಿ ಹುಟ್ಟಿದಾಗ ನನಗೆ ಬಾಣಂತಿ ಜ್ವರ ಹತ್ತಿತು. ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ಎದ್ದು ಕೂರುವ ಹೊತ್ತಿಗೆ ನನ್ನ ಹಾಲು ಬತ್ತಿತ್ತು. ಗಂಗಿ ಹುಲಿಗೆವ್ವನ ತೊಡೆಯ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು. ತುಟಿಯ ಮೇಲೆ ಹಾಲಿನ ನೊರೆ.

"ನಿನ್ನ ಮಗಳು ಭಾಳ ಜೋರ್ ಅದಾಳವ್ವ," ಅಂದಳು ಹುಲಿಗೆವ್ವ. "ಕುಡಿಯೂಮುಂದ ಗುದ್ದತಾಳ."

"ಈಕಿ ಬರದಿದ್ರ ನಿನ್ನ ಕೂಸು ಮಣ್ಣಾಗ ಇರ್ತಿತ್ತು. ಕಾಲಿಗೆ ಬೀಳು," ಅಂದಳು ನಮ್ಮತ್ತೆ.

ಬಿದ್ದೆ. ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದೂ ಅವತ್ತೇ. ನನ್ನ ಮಗಳು ಗುದ್ದುವುದಾದರೆ ನನ್ನನ್ನು ಗುದ್ದಬೇಕಿತ್ತು.

ಆಮೇಲೆ ಗಂಗಿಯದು ಇದೇ ಆಯಿತು. ನಾನು ಎತ್ತಿಕೊಂಡರೆ ಮುಖ ತಿರುಗಿಸುವುದು, ಹುಲಿಗೆವ್ವನ ದನಿ ಕೇಳಿದರೆ ಕತ್ತು ಚಾಚುವುದು. ಓಣಿಯವರೆಲ್ಲ ಹುಲಿಗೆವ್ವನನ್ನು ಹೊಗಳುವವರೇ. ಹೊಗಳಲಿಕ್ಕೇನು, ಕೈಬಿಟ್ಟು ಹೋಗುತ್ತಿದ್ದದ್ದು ನನ್ನ ಕೂಸು.

"ನಿನಗ್ಯಾಕ ಈ ಉಸಾಬರಿ?" ಅಂತ ಒಂದು ದಿನ ಕೇಳಿಯೇಬಿಟ್ಟೆ. "ಊರ ಕೂಸೆಲ್ಲ ನಿನ್ನ ಎದಿಗೇ ಬೀಳಬೇಕೇನು?"

ಅವಳು ನಕ್ಕಳು. "ಪ್ಲೇಗ್ ಬಂದಾಗ ಮಂದಿ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕಿದ್ರಲ್ಲ, ನಮ್ಮವ್ವ ಅಲ್ಲೇ ಹೋದ್ಲು. ನಾ ಕೈಗೂಸು. ಬಾಜು ಗುಡಿಸಲದಾಕಿ ಯಾರೋ ಕುಡಿಸಿ ಉಳಿಸಿದ್ಲಂತ. ಆಕಿ ಹೆಸರೇನು, ಯಾವ ಮಂದಿ, ನಮ್ಮಪ್ಪಗೂ ಗೊತ್ತಾಗ್ಲಿಲ್ಲ. ಆಕಿನ್ನ ಎಲ್ಲಿ ಹುಡುಕ್ಲಿ? ಅದಕ್ಕ ಬಂದ ಕೂಸಿಗೆ ಕೊಡ್ತೀನಿ."

ಜಗಳಕ್ಕೆ ಹೋದವಳು ಬರಿಗೈಲಿ ಬಂದೆ.

ಕೆಲವು ತಿಂಗಳಾದ ಮೇಲೆ ಒಬ್ಬ ಗಂಡಸು ಕಂಬಳಿಯಲ್ಲಿ ಹೆಣ್ಣುಕೂಸು ಸುತ್ತಿಕೊಂಡು ಬಂದ. ಊರ ಹೊರಗಿನ ಕೇರಿಯವನು, ಸಂಡೂರಿನ ಗಣಿಗೆ ದುಡಿಯಲು ಹೋಗಿದ್ದವನು. ಹೆಂಡತಿ ಅಲ್ಲೇ ತೀರಿಕೊಂಡಿದ್ದಳು. ಓಣಿಯೊಳಗೆ ಕಾಲಿಡಲು ಹೆದರಿ ಮೂಲೆಯಲ್ಲೇ ನಿಂತು ಕೂಗಿದ. ಹುಲಿಗೆವ್ವ ತಾನೇ ಹೋಗಿ ಕೂಸನ್ನು ಇಸಕೊಂಡು ಬಂದಳು. ಹೊಗಳುತ್ತಿದ್ದ ಬಾಯಿಗಳೆಲ್ಲ ಅವತ್ತು ತಿರುಗಿದವು. ನಮ್ಮತ್ತೆಯೇ ಎಲ್ಲರಿಗಿಂತ ಮುಂದೆ.

"ಲೇ ಹುಲಿಗಿ, ಆ ಕೂಸಿಗೆ ಕೊಟ್ಟ ಎದಿ ನಮ್ಮ ಕೂಸಿಗೆ ಬ್ಯಾಡ. ಯಾವುದಾರ ಒಂದು ಮಾಡು."

"ನಿಮ್ಮ ಕೂಸು ತರೂದು ಬಿಡೂದು ನಿಮಗ ಸೇರಿದ್ದು, ದೊಡ್ಡವ್ವ. ಇದು ಹಸಿದೈತಿ, ನಾ ಕುಡಿಸಾಕಿ," ಅಂದವಳೇ ಬಾಗಿಲಲ್ಲೇ, ಎಲ್ಲರ ಎದುರು, ಕೂತುಬಿಟ್ಟಳು.

ನನಗೆ ಹಬ್ಬ. ಇನ್ನು ಗಂಗಿ ನನ್ನವಳು ಅಂತ ಬಾಗಿಲು ಹಾಕಿಕೊಂಡೆ. ಆಡಿನ ಹಾಲು ಕಾಸಿ, ಅರಳೆ ಬತ್ತಿ ಅದ್ದಿ ಬಾಯಿಗಿಟ್ಟೆ. ಉಗುಳಿತು. ಬೆಲ್ಲ ಸವರಿ ಕೊಟ್ಟೆ. ಉಗುಳಿತು. ಮರುದಿನ ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಅತ್ತೆ ದೇವರ ಮುಂದೆ ಕೂತಳು. ನಾನು ಕೂಸನ್ನು ಎತ್ತಿಕೊಂಡು, "ಎಲ್ಲಿಗೇ?" ಅಂತ ಅತ್ತೆ ಕೂಗಿದರೂ ನಿಲ್ಲದೆ, ನಡುಹಗಲಲ್ಲಿ ಎಲ್ಲರ ಕಣ್ಣೆದುರೇ ಓಣಿ ದಾಟಿದೆ.

ಹುಲಿಗೆವ್ವನ ಎಡಕ್ಕೆ ಸಂಡೂರಿನ ಕೂಸು. ಬಲಗಡೆಯ ಸೆರಗು ಸರಿಸಿ ಕೈ ಚಾಚಿದಳು.

"ತಾರವ್ವ ಜಲ್ದಿ. ಎಷ್ಟು ಒಣಗಿಸಿಬಿಟ್ಟೀರಿ!"

ಅಷ್ಟೇ. ಬೈದಿದ್ದರೆ, ಹಂಗಿಸಿದ್ದರೆ, ನನಗೂ ತಿರುಗಿ ಒಂದು ಮಾತಾಡಲು ಬರುತ್ತಿತ್ತು. ಅದನ್ನೂ ಕೊಡಲಿಲ್ಲ. ನನ್ನ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಕೂಸುಗಳನ್ನು ತಂದರು. ಮೊದಲು ಹೆಜ್ಜೆ ಇಟ್ಟವಳು ನಾನು ಅಂತ ಯಾರೂ ಹೇಳಲಿಲ್ಲ. ಹೆಸರು ಅವಳಿಗೇ ಬಂತು.

ದೊಡ್ಡವಳಾದ ಮೇಲೆ ಗಂಗಿಯನ್ನು ಕಂಪ್ಲಿಗೆ ಕೊಟ್ಟೆವು. ತವರಿಗೆ ಬಂದರೆ ಗಾಡಿ ಮೊದಲು ನಿಲ್ಲುತ್ತಿದ್ದದ್ದು ಹುಲಿಗೆವ್ವನ ಬಾಗಿಲಲ್ಲಿ. ನಾನು ಹೋಳಿಗೆ ಮಾಡಿಟ್ಟು ಕಾಯಬೇಕು. ಅವಳು ಅಲ್ಲಿ ತಂಗಳು ರೊಟ್ಟಿ ತಿಂದು ಹೊಟ್ಟೆ ತುಂಬಿಸಿಕೊಂಡು ಬರುವಳು.

ಎರಡನೇ ದೊಡ್ಡ ಲಡಾಯಿ ನಡೆದಿದ್ದಾಗ ಹುಲಿಗೆವ್ವ ಸತ್ತಳು. ಸುದ್ದಿ ಮುಟ್ಟಿದ ಕೂಡಲೇ ಗಂಗಿ ಬಂದಳು. ಅಂಗಳ ತುಂಬಿತ್ತು. ಓಣಿಯ ಹಿರಿಯನೊಬ್ಬ ತಂಬಿಗೆ ಹಿಡಿದು, "ಮಕ್ಕಳಾದವರು ಬಂದು ಬಾಯಾಗ ನೀರು ಬಿಡ್ರಿ," ಅಂದ. ಮಗ ಬಿಟ್ಟ. ಹೆತ್ತದ್ದು ಅವನೊಬ್ಬನನ್ನೇ, ಇನ್ನು ಮುಗಿಯಿತು ಅಂದುಕೊಂಡೆ. ಆಗ ಸಂಡೂರಿನ ಕೂಸು, ಈಗ ತಾನೂ ಮಕ್ಕಳ ತಾಯಿ, ಗೋಡೆ ಬದಿಯಿಂದ ಎದ್ದು ಬಂದಳು. ಯಾರೂ ತಡೆಯಲಿಲ್ಲ. ಅವಳ ಹಿಂದೆ ಒಬ್ಬ, ಅವನ ಹಿಂದೆ ಮತ್ತೊಬ್ಬಳು. ಗಂಗಿಯೂ ಎದ್ದಳು. ನಾನು ಅವಳ ಸೆರಗು ಹಿಡಿದೆ.

"ಕುಂದ್ರು. ನಾ ಇನ್ನೂ ಇದ್ದೀನಿ."

"ಬಿಡಬೇ," ಅಂದು ಬಿಡಿಸಿಕೊಂಡು ಹೋದಳು.

ನೀರು ಬಿಟ್ಟು ಬಂದವಳು ಒದ್ದೆ ಕೈಯಲ್ಲೇ ನನ್ನ ಕೊರಳು ತಬ್ಬಿ, ಹೆಗಲಿಗೆ ತಲೆ ಇಟ್ಟು ಅತ್ತಳು. "ನಮ್ಮವ್ವ ಹೋದ್ಲು, ಯವ್ವಾ. ನಮ್ಮವ್ವ ಹೋದ್ಲು."

ಹೂಂ ಅಂದೆ. ಯಾರಿಗಾಗಿ ಅತ್ತರೇನು, ಅಳಲು ನನ್ನ ಹೆಗಲಿಗೆ ಬಂದಿದ್ದಳು. ಇನ್ನೊಬ್ಬರ ಹೆಗಲು ಹುಡುಕಿಕೊಂಡು ಹೋದಾಳು ಅಂತ ಅಲ್ಲಾಡದೆ ಕೂತೆ.